ಗುಳಿಗೆ ನುಂಗುವ ಮುಂಚಿನ ಐದು ಪ್ರಶ್ನೆಗಳು

ನಮ್ಮೂರಲ್ಲಿ ಒಂದು ಗುಳಿಗೆ ಡಾಕ್ಟರ ಕೈಯಿಂದ ಹೊರಟು ರೋಗಿಯ ಹೊಟ್ಟೆ ಸೇರುವುದರೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ಹಾದಿ ಉದ್ದದ್ದಲ್ಲ. ಕಾಳು ಕೊಳ್ಳುವ ಅಡತಿ ಅಂಗಡಿಯ ಕಟ್ಟೆಯಿಂದ ಮನೆಯ ಒಲೆಯ ತನಕ, ಅಷ್ಟೇ. ಆದರೂ ಆಗುತ್ತದೆ. ಕೆಲವನ್ನು ನಾನು ವಹಿಯಲ್ಲಿ ಬರೆದಿಟ್ಟಿದ್ದೇನೆ. ಬರೆದಿಡುವುದಕ್ಕೆ ಕಾರಣವಾದ ದಿನದಿಂದಲೇ ಶುರುಮಾಡುತ್ತೇನೆ.

೧. ಸೋಮವಾರ

ಅದು ಶ್ರಾವಣದ ಮೂರನೆಯ ಸೋಮವಾರ. ಬೆಳಗ್ಗೆ ಮೂರನೆಯ ಇಯತ್ತೆಯ ಮಕ್ಕಳಿಂದ ಹದಿಮೂರರ ಮಗ್ಗಿ ಹೇಳಿಸಿದೆ. ಪೊಲೀಸ್ ಕಾರ್ಯಾಚರಣೆಗಿಂತ ಮುಂಚೆ ನಾನು ಉರ್ದುವಿನಲ್ಲಿ ಕಲಿಸುತ್ತಿದ್ದೆ, ಆಮೇಲೆ ಮರಾಠಿಯಲ್ಲಿ. ಮಕ್ಕಳು ಆಗಲೂ ಆಮೇಲೂ ಕನ್ನಡದಲ್ಲಿಯೇ ತಪ್ಪು ಮಾಡುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದಳು. ಮುಂದೆ ಇಟ್ಟುಕೊಂಡ ಹಿಟ್ಟು ನಾದುವ ಪರಾತದಲ್ಲಿ ಕಾರಿಕೊಂಡದ್ದು ಕಪ್ಪಗಿತ್ತು. ಗಾಡಿ ಹೂಡಿಸಿದೆ. ಡಾಕ್ಟರಿದ್ದ ಉಮರಗಾದ ಸಡಕು ಇನ್ನೂ ದೂರ ಇರುವಾಗಲೇ ಗಾಡಿ ಹೊಡೆಯುವವನಿಗೆ, ಇನ್ನು ಸಾವಕಾಶ ಹೋದರೂ ನಡೆಯುತ್ತದೆ ಎಂದು ಹೇಳಿದೆ.

ಅವಳಿಗೆ ಕೈಕಾಲಿನ ಸಂದುಗಳು ಬಾತು ನೋಯುತ್ತಿದ್ದವು. ಉಮರಗಾದಿಂದ ಸಂತೆಯ ದಿನ ಬಸ್ಸಿನಲ್ಲಿ ಬಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂಡುವ ಡಾಕ್ಟರು ಬಿಳಿಯ ಗುಳಿಗೆ ಬರೆದುಕೊಟ್ಟಿದ್ದರು. ಬಾವು ಇಳಿಸುವುದರಲ್ಲಿ ಅದಕ್ಕೆ ಸಮ ಇಲ್ಲ, ಆದರೆ ಹೊಟ್ಟೆಯಲ್ಲಿ ಹುಣ್ಣಿದ್ದವರಿಗೆ ಅದು ಆಗದು, ಖಾಲಿ ಹೊಟ್ಟೆಯಲ್ಲಂತೂ ಯಾರಿಗೂ ಆಗದು. ಇದನ್ನು ಡಾಕ್ಟರು ಮರಾಠಿಯಲ್ಲಿ ಹೇಳಿದ್ದರು, ಹೊಟ್ಟೆ ಉರಿಯುತ್ತದೆಯೇ ಎಂದೂ ಕೇಳಿದ್ದರು. ನಾನು ತಿರುಗಿ ಕನ್ನಡದಲ್ಲಿ ಕೇಳಿದೆ. ನನ್ನ ಬೆನ್ನ ಹಿಂದೆ ಸೆರಗು ಹೊದ್ದು ನಿಂತಿದ್ದ ಅವಳು ಇಲ್ಲ ಎಂದು ತಲೆಯಾಡಿಸಿದಳು. ನಾನು ಡಾಕ್ಟರಿಗೆ ಇಲ್ಲ ಎಂದೆ. ಆ ಸೋಮವಾರ ಅವಳು ಉಪವಾಸವಿದ್ದಳು, ಗುಳಿಗೆಯನ್ನು ಪೂಜೆಯ ತೀರ್ಥದ ಜೊತೆ ನುಂಗಿದ್ದಳು.

ಮುಂದಿನ ಸಂತೆಯ ದಿನ ಡಾಕ್ಟರು ನಮ್ಮ ಮನೆಗೆ ಬಂದು ಜಮಖಾನೆಯ ಅಂಚಿನಲ್ಲಿ ಕೂತರು. ಹೊಟ್ಟೆ ಉರಿಯ ಮಾತನ್ನು ತಾವು ಆ ದಿನ ಕೇಳಿದ್ದು ಹೌದಲ್ಲವೇ ಎಂದು ನನ್ನನ್ನು ಕೇಳಿದರು. ಹೌದು, ಕೇಳಿದ್ದಿರಿ, ನಾನೂ ಕೇಳಿದ್ದೆ ಎಂದೆ. ಅವಳು ಸುಳ್ಳು ಹೇಳುವವಳಲ್ಲ. ಯಾಕೆ ಇಲ್ಲ ಎಂದಳು ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

ಅಂದು ಕೂತು ಐದು ಪ್ರಶ್ನೆ ಬರೆದೆವು. ಹೊಟ್ಟೆ ಉರಿ, ಹುಣ್ಣು, ರಕ್ತ ಕಾರಿದ್ದು ಉಂಟೇ? ಊಟ ಆಗಿದೆಯೇ? ಬೇರೆಯವರ ಔಷಧ ನಡೆದಿದೆಯೇ? ಗರ್ಭಿಣಿಯೇ? ಹಿಂದೆ ಇಂಥ ಗುಳಿಗೆ ತಿಂದು ಮೈಮೇಲೆ ಗಂಧೆ ಎದ್ದದ್ದು, ಉಬ್ಬಸ ಬಂದದ್ದು ಉಂಟೇ? ಆ ಗುಳಿಗೆ ಹೋದ ಪ್ರತಿ ಕನ್ನಡದ ಮನೆಗೆ ನಾನೇ ಹೋಗಿ, ರೋಗಿಯನ್ನೇ ಕೇಳಿ, ಉತ್ತರ ಬರೆದುಕೊಂಡು ಬರುವುದು ಎಂದು ಒಪ್ಪಿಕೊಂಡೆ.

ಅತ್ತೆ ಮಗಳ ಕ್ರಿಯಾಕರ್ಮಕ್ಕೆಂದು ಬಂದವರು ಉಳಿದುಬಿಟ್ಟರು. ನಮ್ಮ ಎಮ್ಮೆ ನನ್ನ ಕೈಗೆ ಹಾಲು ಬಿಡುತ್ತಿರಲಿಲ್ಲ, ಅವರ ಕೈಗೆ ಬಿಡುತ್ತಿತ್ತು. ನಮ್ಮಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ. ನಡುವೆ ಯಾರಾದರೂ ಬೇಕು. ಮನೆಯಲ್ಲಿ ನಾವಿಬ್ಬರೇ ಉಳಿದಿದ್ದರಿಂದ ಅವರು ನನಗೆ ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದರು. "ಮಾಸ್ತರ್ರು ಉಣ್ಣಾಕ ಬರ್ಬೇಕಂತ, ರೊಟ್ಟಿ ಆರ್ಲತಾವ" ಎನ್ನುವರು. ನಾನೂ ಕ್ರಮೇಣ ಉತ್ತರವನ್ನು ಎಮ್ಮೆಗೇ ಕೊಡುವುದನ್ನು ಕಲಿತೆ. ಅವರ ಮೊಣಕಾಲು ಆಗಲೇ ಹಿಡಿದುಕೊಳ್ಳತೊಡಗಿತ್ತು. ಇಂದಲ್ಲ ನಾಳೆ ಅವರೂ ಆ ಗುಳಿಗೆಗೆ ಬರುವವರೇ. ಅದಕ್ಕೆ ಮುಂಚೆ ಸರಿಯಾಗಿ ಪ್ರಶ್ನೆ ಕೇಳುವುದನ್ನು ಕಲಿಯಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಎಮ್ಮೆಯೊಂದಿಗೆ ಅಭ್ಯಾಸ ಚೆನ್ನಾಗಿ ಆಗುತ್ತಿತ್ತು. ಅದು ಯಾವುದಕ್ಕೂ ಹೌದು ಎಂದದ್ದಿಲ್ಲ, ಇಲ್ಲ ಎಂದದ್ದೂ ಇಲ್ಲ.

೨. ನಾಲ್ಕನೆಯ ಪ್ರಶ್ನೆ

ಮೊದಲ ರೋಗಿ ಊರ ಹಿರಿಯ ಒಕ್ಕಲಿಗ. ಎಪ್ಪತ್ತು ದಾಟಿದವರು. ಎಲ್ಲರೂ ಕಾಕಾ ಅನ್ನುತ್ತಿದ್ದರು. ನಾನು ವಹಿ ತೆಗೆದು ಐದೂ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದೆ. ಒಂದನ್ನು ಬಿಟ್ಟರೆ ನಾಳೆ ಇನ್ನೊಂದನ್ನು ಬಿಡುತ್ತೇವೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಗರ್ಭಿಣಿಯೇ ಎಂಬ ನಾಲ್ಕನೆಯದನ್ನೂ ಕೇಳಿದೆ.

ಕಾಕಾ ನಗಲಿಲ್ಲ. ಪೊಲೀಸ್ ಕಾರ್ಯಾಚರಣೆಯ ಆಚೀಚಿನ ಐದಾರು ವರ್ಷಗಳಲ್ಲಿ ಅವರ ಕಟ್ಟೆಗೆ ಬಹಳ ಜನ ವಹಿ ಹಿಡಿದು ಬಂದಿದ್ದರು. ಹೊಲ ಎಷ್ಟು, ದನ ಎಷ್ಟು, ಮನೆಯಲ್ಲಿ ಮಾತಾಡುವ ಭಾಷೆ ಯಾವುದು, ಜೋಳ ಎಷ್ಟು ಚೀಲ. ಒಮ್ಮೆ ಉರ್ದುವಿನಲ್ಲಿ ಬರೆದುಕೊಂಡರು, ಅದನ್ನೇ ಮತ್ತೆ ಮರಾಠಿಯಲ್ಲಿ ಬರೆದುಕೊಂಡರು. ಸರ್ಕಾರದ ಪ್ರಶ್ನೆಗೆ ಅರ್ಥ ಹುಡುಕುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು. ಪಗಡಿ ಸರಿಮಾಡಿಕೊಂಡು ಕೊಂಚ ಹೊತ್ತು ಯೋಚಿಸಿದರು.

"ಊರಾಗ ಉಳಿದವ್ರು ಏನಂತ ಬರಿಸ್ಯಾರ, ಮಾಸ್ತರ?" ಎಂದರು.

ಇನ್ನೂ ಯಾರನ್ನೂ ಕೇಳಿಲ್ಲ, ನೀವೇ ಮೊದಲಿಗರು ಎಂದೆ.

"ಹಂಗಾದ್ರ ಈಗ ಇಲ್ಲ ಅಂತ ಬರ್ಕೋ. ಮುಂದ ಏನರೆ ಫಾಯದೆ ಅದ ಅಂತ ಗೊತ್ತಾದ್ರ, ತಿದ್ದಾಕ ಬರ್ತದಲ್ಲ?"

ತಿದ್ದಲು ಬರುತ್ತದೆ ಎಂದು ಹೇಳಿ ಬಂದೆ.

೩. ಪ್ರಸಾದ

ನಮ್ಮೂರಿನ ಹತ್ತಿಪ್ಪತ್ತು ಮನೆಗಳಿಗೆ ಪೂಜೆ, ಮದುವೆ, ಸಾವು ಎಲ್ಲಕ್ಕೂ ಒಬ್ಬರೇ ಅಯ್ಯನವರು. ವರ್ಷಗಟ್ಟಲೆ ಮಂಡಿ ಮಡಚಿ ಕೂತು ಅವರ ಮೊಣಕಾಲು ಬಾತಿತ್ತು. ಡಾಕ್ಟರು ಹತ್ತು ದಿನಕ್ಕೆಂದು ಇಪ್ಪತ್ತು ಗುಳಿಗೆ ಕೊಟ್ಟರು. ನಾನು ಹೋಗಿ ಐದು ಪ್ರಶ್ನೆ ಕೇಳಿದೆ. ಉತ್ತರಗಳೆಲ್ಲ ಸರಿಯಾಗಿದ್ದವು. ಊಟ ಆದ ಮೇಲೆ, ದಿನಕ್ಕೆ ಎರಡು ಎಂದು ಮೂರು ಸಲ ಹೇಳಿಸಿ ಬಂದೆ.

ಹತ್ತು ದಿನ ಕಳೆದರೂ ಬಾವು ಇಳಿಯಲಿಲ್ಲ. ಡಾಕ್ಟರು ಕಳವಳಪಟ್ಟು ನನ್ನನ್ನು ಕಳಿಸಿದರು. ತಪ್ಪದೆ ತೆಗೆದುಕೊಂಡಿದ್ದೀರಾ ಎಂದು ಕೇಳಿದೆ.

"ಒಂದು ಹೊತ್ತೂ ತಪ್ಪಿಲ್ಲ," ಎಂದರು ಅಯ್ಯನವರು.

ಎಲ್ಲವನ್ನೂ ನೀವೇ ತೆಗೆದುಕೊಂಡಿರಾ ಎಂದೆ. ಅವರಿಗೆ ಆ ಪ್ರಶ್ನೆ ಸ್ವಲ್ಪ ಅವಮಾನವೆನಿಸಿತು.

"ನಾ ಒಬ್ಬನೇ ಹ್ಯಾಂಗ ತಿನ್ಲಿ, ಮಾಸ್ತರ? ಲಿಂಗಕ್ಕ ತೋರಿಸಲಾರದ್ದು ನಮ್ಮ ಬಾಯಾಗ ಹೋಗಂಗಿಲ್ಲ. ತೋರಿಸಿದ ಮ್ಯಾಲ ಅದು ಪ್ರಸಾದ ಆಯ್ತು. ಪಂಕ್ತಿದಾಗ ಕೂತವ್ರಿಗೆ ಕೊಡ್ಲಾರದ ತಿಂದ್ರ ಪ್ರಸಾದಕ್ಕ ಏನು ಮರ್ಯಾದಿ?"

ಪಂಕ್ತಿಯಲ್ಲಿ ನಾಲ್ವರು. ಅಯ್ಯನವರು, ಅವರ ಹೆಂಡತಿ, ತಮ್ಮ, ತಮ್ಮನ ಹೆಂಡತಿ. ಪ್ರತಿ ಗುಳಿಗೆಯನ್ನು ಅಡಕೊತ್ತಿನಿಂದ ನಾಲ್ಕು ಮಾಡಿದ್ದರು. ಒಂದು ದಿನ ಮುಹೂರ್ತ ಕೇಳಲು ಬಂದ ಕಿರಾಣಿ ಅಂಗಡಿಯವನಿಗೂ ಒಂದು ಚೂರು ಹೋಗಿತ್ತು. ಅವನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡನಂತೆ.

ನಾನು ಅಲ್ಲಿಯೇ ಕೂತು ಎಲ್ಲರನ್ನೂ ಸಾಲಾಗಿ ಪ್ರಶ್ನೆ ಕೇಳಿದೆ. ಕಿರಾಣಿಯವನನ್ನು ಕರೆಸಿ ಕೇಳಿದೆ. ತಮ್ಮನ ಹೆಂಡತಿಗೆ ನಾಲ್ಕನೆಯ ಪ್ರಶ್ನೆ ಬಂದಾಗ ಆಕೆ ಕದದ ಹಿಂದೆ ಹೋದಳು. ಒಳಗಿನಿಂದ ಅಯ್ಯನವರ ಹೆಂಡತಿ ಬಂದು, ಮೂರು ತಿಂಗಳು ಎಂದು ಹೇಳಿದರು. ಮದುವೆಯಾಗಿ ಎಂಟು ವರ್ಷ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಆ ವಿಷಯ ಗಂಡನಿಗೆ ತಿಳಿದದ್ದು ಕಿರಾಣಿಯವನಿಗೆ ತಿಳಿದ ಹೊತ್ತಿಗೇ.

ಗುಳಿಗೆ ಅಂದೇ ನಿಲ್ಲಿಸಿದೆವು. ಡಾಕ್ಟರು ಆಕೆಯನ್ನು ನೋಡಿ, ಅಷ್ಟು ಸಣ್ಣ ಚೂರಿನಿಂದ ಏನೂ ಆಗಿರಲಿಕ್ಕಿಲ್ಲ, ಆದರೆ ಇನ್ನು ಮುಟ್ಟಬಾರದು ಎಂದರು. ಮೂರು ತಿಂಗಳು ಮೊದಲು, ಹತ್ತು ದಿನದ ಗುಳಿಗೆ ಆಮೇಲೆ ಎಂದು ನಾನು ಕಿರಾಣಿಯವನಿಗೆ ಬೆರಳು ಮಡಚಿ ತೋರಿಸಿದೆ. ಅವನು ಪೂರ್ತಿ ಒಪ್ಪಿಕೊಂಡು ಅಂಗಡಿಗೆ ಹೋದ.

ಮುಂದಿನ ಸಂತೆಯ ದಿನ ಡಾಕ್ಟರ ಮುಂದೆ ಮೊಣಕಾಲು ನೋವೆಂದು ಏಳು ಜನ ಹೆಂಗಸರು ಕೂತಿದ್ದರು. ಎಲ್ಲರೂ ಇಪ್ಪತ್ತೈದರ ಒಳಗಿನವರು, ಯಾರ ಕಂಕುಳಲ್ಲೂ ಮಗು ಇರಲಿಲ್ಲ. ಇಬ್ಬರು ದೂರದ ಮುರುಮದಿಂದ ನಡೆದು ಬಂದಿದ್ದರು.

೪. ಉಪವಾಸ

ಎರಡನೆಯ ಪ್ರಶ್ನೆಗೆ, ಅಂದರೆ ಊಟ ಆಗಿದೆಯೇ ಎಂಬುದಕ್ಕೆ, ಶ್ರಾವಣದಲ್ಲಿ ಯಾರೂ ನೇರ ಉತ್ತರ ಕೊಡುವುದಿಲ್ಲ. ಒಬ್ಬ ಶರಣೆ, ಐವತ್ತರ ಮೇಲಿನವರು, ಇವತ್ತು ಉಪಾಸ ಎಂದರು. ಹಾಗಾದರೆ ಗುಳಿಗೆ ಬೇಡ ಎಂದು ನಾನು ಪುಡಿಕೆ ತಿರುಗಿ ತೆಗೆದುಕೊಂಡೆ. ಅವರು ಮುಖ ಸಣ್ಣದು ಮಾಡಿ, ಸುಮ್ಮನೆ ಒಂದು ತಾಟು ಸಾಬುದಾಣಿ, ಎರಡು ಹಿಡಿ ಶೇಂಗಾ, ನಾಲ್ಕು ಬಾಳೆಹಣ್ಣು, ಗೆಣಸು, ತಂಬಿಗೆ ಹಾಲು ಆಗಿದೆ ಎಂದರು. ಅದು ಊಟವೇ ಅಲ್ಲವೇ ಎಂದೆ. "ಉಂಡಿದ್ರ ಇಷ್ಟೆಲ್ಲಾ ಯಾಕ ತಿಂತಿದ್ದೆ ಮಾಸ್ತರ?" ಎಂದರು.

ವಹಿಯಲ್ಲಿ 'ಉಪವಾಸ, ಹೊಟ್ಟೆ ತುಂಬ' ಎಂದು ಬರೆದುಕೊಂಡು ಗುಳಿಗೆ ಕೊಟ್ಟೆ. ನನ್ನ ಹೆಂಡತಿ ಉಪವಾಸವೆಂದರೆ ನೀರನ್ನಷ್ಟೇ ಕುಡಿಯುತ್ತಿದ್ದಳು.

೫. ನಿಯಮ ಪಾಲಿಸಿದ ರೋಗಿ

ಕಾಸಾರಶಿರಸಿಯ ಹಾದಿಯ ಮೇಲೆ ಹೊಲವಿದ್ದ ಒಬ್ಬ ಒಕ್ಕಲಿಗ ಎರಡು ವಾರದ ಗುಳಿಗೆ ಒಯ್ದಿದ್ದ. ಬಿತ್ತಿಗೆಯ ದಿನಗಳು. ನಾನು ಹೋದಾಗ ಕೂರಿಗೆ ನಿಲ್ಲಿಸಿ ಬಂದು ಬಹಳ ಗುಣ ಆಗಿದೆ ಎಂದ. ಆದರೆ ನಡೆಯುವಾಗ ಮೊದಲಿನ ಹಾಗೆಯೇ ಕುಂಟುತ್ತಿದ್ದ. ಮೊಣಕಾಲು ಮಡಚಿ ತೋರಿಸು ಎಂದೆ. ಮಡಚಲು ಆಗಲಿಲ್ಲ. ಹಾಗಾದರೆ ಗುಣ ಯಾರಿಗೆ ಎಂದೆ.

ಅವನು ಕೂರಿಗೆಯ ಬಲಗಡೆಯ ಎತ್ತನ್ನು ತೋರಿಸಿದ.

"ಅದರ ಮುಂಗಾಲು ಬಾತಿತ್ತ್ರಿ. ನಾ ಕುಂಟಿದ್ರ ಹೊಲ ಬಿತ್ತಾಕ ಬರ್ತದ, ಅದು ಕುಂಟಿದ್ರ ಬರಂಗಿಲ್ಲ."

ವಹಿ ತೆಗೆದಿದ್ದೆನಾದ್ದರಿಂದ, ಯಾವಾಗ ಕೊಡುತ್ತಿದ್ದೆ ಎಂದು ಮಾತ್ರ ಕೇಳಿದೆ. ಹೊತ್ತಿಗೆ ಸರಿಯಾಗಿ ಎರಡು ಹೊತ್ತು, ಹೊಟ್ಟೆ ತುಂಬ ಜೋಳದ ಕಣಿಕೆ ತಿಂದು ನೀರು ಕುಡಿದ ಮೇಲೆಯೇ ಎಂದ. ಖಾಲಿ ಹೊಟ್ಟೆಗೆ ಒಂದು ದಿನವೂ ಕೊಟ್ಟಿಲ್ಲವಂತೆ.

ಡಾಕ್ಟರಿಗೆ ವರದಿ ಒಪ್ಪಿಸಿದೆ. ಅವರು ಓದಿ, ಎರಡನೆಯ ನಿಯಮವನ್ನು ಇಷ್ಟು ಚೊಕ್ಕವಾಗಿ ಪಾಲಿಸಿದವರು ಈ ತಾಲೂಕಿನಲ್ಲಿ ಬೇರೆ ಯಾರೂ ಇಲ್ಲ, ವಯಸ್ಸೆಷ್ಟು ಎಂದು ಕೇಳಿದರು. ಎತ್ತಿನ ವಯಸ್ಸನ್ನು ಬಾಯಿ ನೋಡಿ ಹೇಳುವುದು; ಆರು ಹಲ್ಲು ಎಂದೆ.

೬. ಮನೆಯ ರೋಗಿ

ಎರಡು ವರ್ಷದಲ್ಲಿ ಅತ್ತೆಯ ಮೊಣಕಾಲು ಕುಂಬಳಕಾಯಿಯಷ್ಟಾಯಿತು. ಹಾಲು ಕರೆಯಲು ಕೂತರೆ ಏಳಲು ಆಗುತ್ತಿರಲಿಲ್ಲ. ಎಮ್ಮೆಯ ಕೊರಳು ಹಿಡಿದು ಏಳುತ್ತಿದ್ದರು, ಅದು ನಿಂತುಕೊಡುತ್ತಿತ್ತು. ಕೊನೆಗೆ ಸಂತೆಯ ದಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ಮೊಣಕಾಲು ಒತ್ತಿ ನೋಡಿದರು. ಇದಕ್ಕೆ ಆ ಗುಳಿಗೆಯೇ ಬೇಕು ಎಂದರು. ಪುಡಿಕೆ ಕಟ್ಟಿ ಅವರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು, "ಗುರುಜೀ, ನೀವು ಕೇಳಿದ ಮೇಲೆ" ಎಂದರು.

ನಾಲ್ಕು ದಿನ ಅದು ನನ್ನ ಅಂಗಿಯ ಕಿಸೆಯಲ್ಲಿಯೇ ಇತ್ತು. ಊರಿನವರನ್ನೆಲ್ಲ ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ಕೇಳಲು ನಾಲಿಗೆ ಏಳಲಿಲ್ಲ. ಇಲ್ಲ ಎಂದರೆ ನಂಬಬೇಕೋ ಬೇಡವೋ ಎಂಬುದು ನನಗೆ ಗೊತ್ತಿರಲಿಲ್ಲ. ಒಮ್ಮೆ ನಂಬಿ ಆಗಿತ್ತು. ಐದನೆಯ ದಿನ ಸಂಜೆ ಅತ್ತೆ ಎಮ್ಮೆಗೆ ದೂರು ಹೇಳಿದರು.

"ಡಾಕ್ಟರ ನನ್ನ ಕಾಲಿಗಿ ಗುಳಿಗಿ ಕೊಟ್ಟಾರ. ಮಾಸ್ತರ್ರು ಕಿಸೇದಾಗ ಇಟ್ಕೊಂಡು ಸಾಲಿಗಿ ಹೊಂಟಾರ. ಅವ್ರ ಅಂಗಿಗಿ ಆರಾಮ ಆಗ್ಲತದೇನೋ ನೋಡವಾ."

ಹಾಗಾಗಿ ವಹಿ ತಂದು ಎಮ್ಮೆಯ ಈಚೆ ನಿಂತೆ. ಅತ್ತೆ ಆಚೆ ಸೆರಗು ಹೊದ್ದು ಕೂತರು. ಹೊಟ್ಟೆ ಉರಿ ಇದೆಯೇ ಎಂದು ಎಮ್ಮೆಯನ್ನು ಕೇಳಿದೆ. ಇಲ್ಲ ಎಂದು ಆಚೆಯಿಂದ ಉತ್ತರ ಬಂತು. ಊಟ ಈಗ ಮಾಡುವವರಿದ್ದರು. ಬೇರೆ ಔಷಧ ಇರಲಿಲ್ಲ. ನಾಲ್ಕನೆಯ ಪ್ರಶ್ನೆಯನ್ನು, ಒಂದನ್ನೂ ಬಿಡಬಾರದೆಂದು, ಕೇಳಿದೆ. ಅತ್ತೆ ನಕ್ಕರು. ಎರಡು ವರ್ಷದಲ್ಲಿ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗೆ ಅದು. ನಗುವಾಗ ಸೆರಗು ಜಾರಿತು. ಮೇಲಿನ ಸಾಲಿನ ಮುಂದಿನ ಒಂದು ಹಲ್ಲು ಇಲ್ಲದ್ದು ಅಂದು ಮೊದಲ ಸಲ ಕಂಡಿತು. ಐದನೆಯದಕ್ಕೂ ಇಲ್ಲ ಎಂದರು.

ಅವರು ಊಟ ಮುಗಿಸುವ ತನಕ ನಾನು ಒಂದು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕಾದೆ. ಸುಮ್ಮನೆ ಕೂಡಲಾಗದೆ ಮರುದಿನದ ಪಾಠಕ್ಕೆಂದು ಖಡುವಿನ ಡಬ್ಬಿ ತೆಗೆದೆ. ಖಡು ಎಂದರೆ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ. ನಮ್ಮ ಶಾಲೆ ಮಠದ ಪಡಸಾಲೆಯಲ್ಲಿ ನಡೆಯುತ್ತಿತ್ತು, ಕಪಾಟು ಇರಲಿಲ್ಲ. ಮಾಸ್ತರರು ತಮ್ಮ ತಮ್ಮ ಡಬ್ಬಿ ಮನೆಯಲ್ಲಿಯೇ ಇಟ್ಟುಕೊಳ್ಳಬೇಕು. ತಿಂಗಳಿಗೆ ಒಂದು ಡಬ್ಬಿ. ಆ ಡಬ್ಬಿ ಬಂದು ನಾಲ್ಕು ದಿನವಾಗಿರಲಿಲ್ಲ, ಅರ್ಧ ಖಾಲಿಯಾಗಿತ್ತು. ಇಲಿ ಎಂದುಕೊಂಡೆ. ಆದರೆ ಒಂದು ಕಡ್ಡಿಯ ತುದಿಯಲ್ಲಿ ಕಚ್ಚಿದ ಗುರುತಿತ್ತು. ದೀಪದ ಬಳಿ ಹಿಡಿದು ನೋಡಿದೆ. ಗುರುತಿನ ನಡುವೆ ಒಂದು ಹಲ್ಲಿನ ಜಾಗ ಬಿಟ್ಟುಹೋಗಿತ್ತು. ಮುಂದಿನ ಹಲ್ಲು ಬಿದ್ದ ಇಲಿ ಖಡು ತಿನ್ನಲಾರದು.

ಖಡು ಹಿಡಿದುಕೊಂಡು ಎಮ್ಮೆಯ ಹತ್ತಿರ ಹೋದೆ. ಊಟ ಮುಗಿಸಿದ ಅತ್ತೆ ಆಚೆ ಬಂದು ಕೂತಿದ್ದರು. ಇದನ್ನು ಯಾರು ತಿಂದದ್ದು ಎಂದು ಕೇಳಿದೆ. ಎಮ್ಮೆ ನನ್ನನ್ನು ನೋಡಿತು. ಆಚೆಯಿಂದ ಉತ್ತರ ಬಂತು.

"ನಾನೇ ತಿಂದೀನಿ ಅಂತ ಹೇಳವಾ."

ಯಾಕೆ ಎಂದೆ.

"ತಿಂದ್ರ ಹೊಟ್ಟಿ ತಣ್ಣಗ ಆಗ್ತದ."

ಹಾಗಾದರೆ ಹೊಟ್ಟೆ ಉರಿ ಇದೆಯೇ ಎಂದಾಗ ಇಲ್ಲ ಎಂದದ್ದು ಯಾಕೆ ಎಂದು, ಈ ಸಲ ಎಮ್ಮೆಯನ್ನು ಬಿಟ್ಟು ನೇರವಾಗಿ ಕೇಳಿಬಿಟ್ಟೆ. ಅತ್ತೆ ಎಮ್ಮೆಯ ಕೊರಳು ಹಿಡಿದು ಎದ್ದು ನಿಂತರು. ನಾನು ತೀರ ಸಾದಾ ಲೆಕ್ಕ ತಪ್ಪಿದ ಹುಡುಗನಂತೆ ಕಂಡಿರಬೇಕು. ತಾಳ್ಮೆಯಿಂದ ಬಿಡಿಸಿ ಹೇಳಿದರು.

"ಖಡು ತಿಂದ ಮ್ಯಾಲ ಉರಿ ಎಲ್ಲಿರ್ತದ, ಮಾಸ್ತರ್ರ? ನೀವು ಕೇಳಿದಾಗ ಇದ್ದಿಲ್ಲ. ಇಲ್ಲ ಅಂದೀನಿ. ಖಡು ತಿಂತೀರೇನು ಅಂತ ನಿಮ್ಮ ವಹಿದಾಗ ಎಲ್ಲಿ ಅದ?"

ವಹಿಯಲ್ಲಿ ಇರಲಿಲ್ಲ.

ಗುಳಿಗೆಯನ್ನು ತಿರುಗಿ ಪುಡಿಕೆಗೆ ಹಾಕಿದೆ. ಅತ್ತೆ ಅದನ್ನು ನೋಡುತ್ತ ನಿಂತಿದ್ದರು. ಸೆರಗು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ.

"ಆಕೀನೂ ಸುಳ್ಳು ಹೇಳಿದಾಕಿ ಅಲ್ಲ," ಎಂದರು. "ಸಣ್ಣಾಕಿ ಇದ್ದಾಗಿಂದ ನನ್ನ ನೋಡೇ ಕಲ್ತಿದ್ಳು."

ಡಾಕ್ಟರು ಮುಂದಿನ ಸಂತೆಗೆ ಪುಡಿಕೆ ವಾಪಸು ತೆಗೆದುಕೊಂಡು ಮೊಣಕಾಲಿಗೆ ತಿಕ್ಕುವ ಎಣ್ಣೆ ಕೊಟ್ಟರು. ವಹಿಯಲ್ಲಿ ಆರನೆಯ ಪ್ರಶ್ನೆಯನ್ನು ತಮ್ಮ ಕೈಯಿಂದಲೇ ಬರೆದರು. ಅದನ್ನು ಮೊದಲು ಕೇಳಿದ ದಿನ ಊರಿನ ಒಂಬತ್ತು ಹೆಂಗಸರಲ್ಲಿ ಐದು ಜನ, ನಿಮಗೆ ಯಾರು ಹೇಳಿದರು ಎಂದು ನನ್ನನ್ನೇ ತಿರುಗಿ ಕೇಳಿದರು.

ಹೆಂಡತಿ ತೀರಿಕೊಂಡ ಶ್ರಾವಣದಲ್ಲಿ ನಾನು ಶಾಲೆಯಿಂದ ಖಡುವಿನ ಡಬ್ಬಿ ಒಂದರ ಬದಲು ಮೂರು ತಂದಿದ್ದೆ.